ಹಿರೇಬೆಣಕಲ್ ಮೋರ್ಯರ ಗುಡ್ಡ: ದಾರಿ ತೋರಿಸಿದ ಹುಡುಗನಿಗೆ ಪೂರ್ತಿ ಅಂಕ

ಗಂಗಾವತಿಯಲ್ಲೇ ಹುಟ್ಟಿ ಬೆಳೆದವಳು ನಾನು. ಹತ್ತು ಕಿಲೋಮೀಟರ್ ಆಚೆಯ ಈ ಗುಡ್ಡ ಹತ್ತಿದ್ದು ಮಾತ್ರ ನಲವತ್ತೆರಡನೇ ವಯಸ್ಸಿನಲ್ಲಿ. ಅದಕ್ಕೂ ಮೊದಲು ಒಮ್ಮೆ ನಾವೇ ಹೋಗಿ, ದಾರಿ ತಪ್ಪಿ, ಮುಳ್ಳುಕಂಟಿಯಲ್ಲಿ ಸೀರೆ ಹರಿದುಕೊಂಡು ಬಂದಿದ್ದೆವು. ಈ ಸಲ ಊರಿನ ಹುಡುಗನೊಬ್ಬನನ್ನು ಕರೆದುಕೊಂಡೆವು. ಐದುನೂರು ರೂಪಾಯಿ ಕೊಟ್ಟೆ, ಇನ್ನಷ್ಟು ಕೊಡಬೇಕಿತ್ತು.

ಮೇಲೆ ಹೋದರೆ ಕಲ್ಲಿನ ಮನೆಗಳ ಊರೇ ಇದೆ. ಸುಮಾರು 400 ಶಿಲಾ ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ. "ಅಕ್ಕಾರ, ಇಲ್ಲಿ ಬಗ್ಗಿ ನೋಡ್ರಿ" ಅಂದ ಹುಡುಗ. ಒಂದು ಚಪ್ಪಡಿಯಲ್ಲಿ ರೊಟ್ಟಿ ಹಂಚಿನಷ್ಟು ದುಂಡನೆ ಕಿಂಡಿ. ಅಂಚಿಗೆ ಬೆರಳಾಡಿಸಿದೆ, ಎಷ್ಟು ನುಣುಪು! ಒಳಗಿನ ಕಲ್ಲು ಬಿಸಿಲಲ್ಲೂ ತಣ್ಣಗಿತ್ತು. ಸತ್ತವರಿಗಾಗಿ ಇಷ್ಟು ಕಷ್ಟಪಟ್ಟವರನ್ನು ನೆನೆದು ಕಣ್ಣು ತುಂಬಿತು.

ಎತ್ತರದ ಬಂಡೆಯ ಮೇಲೆ ನಗಾರಿ ಆಕಾರದ ಗುಂಡು ಕಲ್ಲಿದೆ. ಬಡಿದರೆ ದನಿ ಕೊಡುತ್ತದಂತೆ. ಹುಡುಗ ಬಡಿಯಲು ಬಿಡಲಿಲ್ಲ, ಅದೇ ನನಗೆ ಬಹಳ ಹಿಡಿಸಿತು.

2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಇದು. ಆದರೂ ಚಪ್ಪಡಿಗಳ ಮೇಲೆ ಸುಣ್ಣದಲ್ಲಿ ಹೆಸರು ಗೀಚಿದ್ದು ಕಂಡು ಸಂಕಟವಾಯಿತು.

ಬೆಳಿಗ್ಗೆ ಆರಕ್ಕೇ ಹತ್ತಿ. ತಲೆಗೆರಡು ಬಾಟಲಿ ನೀರು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಚಪ್ಪಲಿ ಬೇಡ, ಶೂ ಹಾಕಿ.