ಎಕ್ಕಿ ಗಿಡವೋ, ಅಮೆರಿಕದ ಗಿಡವೋ: ಹುಳ ತಿಂದದ್ದು ಯಾವುದು?

‘ಚಿಟ್ಟೆ ಗಿಡ’ ಅಂತ ಹೇಳಿ ನರ್ಸರಿಯವರು ಮೊದಲು ಕೊಟ್ಟಿದ್ದು ಲಂಟಾನ. ಚಿಟ್ಟೆಗಳೇನೋ ಬಂದವು, ರಸ ಹೀರಿ ಹೋದವು. ಎರಡು ಮಳೆಗಾಲ ಕಾದರೂ ಎಲೆ ಮೇಲೆ ಒಂದು ಹುಳ, ಅಂದರೆ ಮುಂದೆ ಚಿಟ್ಟೆಯಾಗುವ ಮರಿ, ಕಾಣಲಿಲ್ಲ. ಅಮೆರಿಕದ ಗಿಡ, ನಮ್ಮ ಹುಳ ಮುಟ್ಟುವುದಿಲ್ಲ ಅಂದುಕೊಂಡೆ.

ಹಾಗಲ್ಲ ಅಂತ ತೋರಿಸಿದ್ದು ಅಮೆರಿಕದ್ದೇ ಇನ್ನೊಂದು ಗಿಡ, ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್. ನಮ್ಮ ಎಕ್ಕಿ ಗಿಡದ ಬಳಗದ್ದೇ, ಮುರಿದರೆ ಹಾಲು ಬರುತ್ತದೆ. ಕಲಬುರಗಿಯ ನಮ್ಮ ಮಾಳಿಗೆಯಲ್ಲಿ ಅದರ ಕುಂಡ, ಕೆಳಗೆ ಕಾಂಪೌಂಡ್ ಪಕ್ಕ ತಾನಾಗಿ ಬೆಳೆದ ಎಕ್ಕಿ. ಪ್ಲೇನ್ ಟೈಗರ್ ಚಿಟ್ಟೆ ಕಾಲಿನಿಂದ ಎಲೆ ಮುಟ್ಟಿ ರುಚಿ ನೋಡಿ ಎರಡರ ಮೇಲೂ ಮೊಟ್ಟೆ ಇಟ್ಟಿತು. ಊರು ಯಾವುದಾದರೇನು, ರಸ ಹಿಡಿಸಿದರೆ ಸಾಕು.

ಆದರೆ ಹೊಟ್ಟೆ ತುಂಬಿಸುವ ಲೆಕ್ಕದಲ್ಲಿ ಎಕ್ಕಿಯೇ ಮೇಲು. ಮಿಲ್ಕ್‌ವೀಡಿನ ಎಲೆ ತೆಳು. ಎರಡೇ ಹುಳ ಸೇರಿ ಕುಂಡವನ್ನು ಬೋಳಿಸಿಬಿಟ್ಟವು. ಎಕ್ಕಿ ಎಲೆ ದಪ್ಪ. ಹುಳ ಮೊದಲು ನರ ಕಚ್ಚಿ ಹಾಲು ಇಳಿಯಲು ಬಿಡುತ್ತದೆ, ಆಮೇಲೆ ತಿನ್ನುತ್ತದೆ. ಎಷ್ಟು ಜಾಣ ಅಲ್ವಾ! ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಮಿಲ್ಕ್‌ವೀಡ್ ದಿನಕ್ಕೆ ಎರಡು ಸಲ ನೀರು ಕೇಳಿತು. ಎಕ್ಕಿಗೆ ನಾನು ಒಂದು ಚೊಂಬೂ ಹಾಕಿಲ್ಲ. ಎರಡರ ಹಾಲೂ ಕಣ್ಣಿಗೆ ಬೀಳಬಾರದು. ಎಕ್ಕಿಯ ತಾಪತ್ರಯ ಬೇರೆ: ಶನಿವಾರ ಹನುಮಪ್ಪನ ಮಾಲೆಗೆ ಓಣಿಯವರು ಎಲೆ ಕೀಳಲು ಬರುತ್ತಾರೆ. ಮೊಟ್ಟೆ ಇರುವ ಎಲೆ ಬಿಡಿ ಅಂತ ಹೇಳಿ ಸಾಕಾಗಿದೆ.

ಇನ್ನೊಂದು ಜೋಡಿ ಪ್ಲಂಬಾಗೊ. ಬಿಳಿ ಹೂವಿನ ಚಿತ್ರಮೂಲ ನಮ್ಮದು, ನೀಲಿ ಹೂವಿನದು ದಕ್ಷಿಣ ಆಫ್ರಿಕಾದ್ದು. ಜೀಬ್ರಾ ಬ್ಲೂ ಎಂಬ ಪುಟ್ಟ ಚಿಟ್ಟೆಯ ಹುಳ ಎರಡರ ಮೊಗ್ಗನ್ನೂ ಕೊರೆದು ತಿಂದಿತು. ನಮ್ಮಲ್ಲಿ ನೀಲಿಯದು ಜಾಸ್ತಿ ಹೂ ಬಿಡುತ್ತದೆ, ಚಿತ್ರಮೂಲದ ಅಂಟು ಕಾಯಿ ಸೀರೆಗೆಲ್ಲ ಮೆತ್ತಿಕೊಳ್ಳುತ್ತದೆ. ಇಲ್ಲಿ ಮಾತ್ರ ಪರದೇಶಿಗೇ ನನ್ನ ಓಟು.

ಲಂಟಾನ ಕಿತ್ತ ಜಾಗದಲ್ಲಿ ಕರಿಬೇವು ನೆಟ್ಟಿದ್ದೇನೆ. ಹಕ್ಕಿ ಹಿಕ್ಕೆ ಅಂತ ಒರೆಸಲು ಹೋದರೆ ಅದು ಲೈಮ್ ಬಟರ್‌ಫ್ಲೈ ಮರಿ. ಈ ಸಲ ಒಗ್ಗರಣೆಗೆ ಎಲೆ ಸಿಗುವುದು ಅನುಮಾನ.