ಅನಿಮೆ ಗಂಡು ಮುಖಕ್ಕೆ ಯಾವುದು ಸರಿ: ವೀರಾಯ್ಡ್, ಬ್ಲೆಂಡರ್, ಲೈವ್‌ಟುಡಿ

ಅನಿಮೆ (ಜಪಾನಿ ಕಾರ್ಟೂನ್) ಶೈಲಿಯ ಗಂಡು ಅವತಾರ, ಅಂದರೆ ತೆರೆಯ ಮೇಲೆ ನಮ್ಮ ಪರವಾಗಿ ಕಾಣಿಸಿಕೊಳ್ಳುವ ಪಾತ್ರ, ರೂಪಿಸಲು ಹೊರಟವರು ಮೊದಲು ಮಾಡಬೇಕಾದ ಕೆಲಸವೆಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ನೋಡುವುದು. ಎದುರಿನಿಂದ ಯಾವ ತಂತ್ರಾಂಶದ ಮುಖವೂ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಕಣ್ಣು, ಚೂಪು ಗದ್ದ, ಹಣೆಗೆ ಇಳಿಬಿದ್ದ ಕೂದಲು ಇದ್ದರೆ ಆಯಿತು. ಪಕ್ಕಕ್ಕೆ ಹೊರಳಿದಾಗಲೇ ಮೂಗಿನ ಬುಡ, ತುಟಿಯಿಂದ ಗದ್ದಕ್ಕಿಳಿಯುವ ಗೆರೆ, ಕಿವಿಯ ಕೆಳಗಿನ ದವಡೆಯ ಮೂಲೆ, ಕತ್ತಿನ ದಪ್ಪ ಎಲ್ಲವೂ ಬಯಲಾಗುವುದು. ಗಂಡು ಪಾತ್ರದ ವಯಸ್ಸು, ಸ್ವಭಾವ ಎರಡೂ ಅಲ್ಲೇ ಇರುತ್ತವೆ. ಆ ಗೆರೆಗಳು ಮೆತ್ತಗಾದರೆ ಮೂವತ್ತರ ಗಂಡಸು ಹದಿನಾಲ್ಕರ ಹುಡುಗನಾಗಿಬಿಡುತ್ತಾನೆ.

ಈ ಒಂದು ಪರೀಕ್ಷೆಯನ್ನು ಮುಂದಿಟ್ಟುಕೊಂಡು ಒಂದೇ ಪಾತ್ರವನ್ನು ಮೂರು ಕಡೆ ಮಾಡಿ ನೋಡಿದೆ: ವೀರಾಯ್ಡ್ ಸ್ಟುಡಿಯೋ, ಬ್ಲೆಂಡರ್, ಲೈವ್‌ಟುಡಿ ಕ್ಯೂಬಿಸಂ. ಮೊದಲೆರಡು ಮೂರು ಆಯಾಮದ ಆಕಾರ ಕಟ್ಟುವ ತಂತ್ರಾಂಶಗಳು, ಮೂರನೆಯದು ಬಿಡಿಸಿದ ಚಿತ್ರವನ್ನೇ ಚಲಿಸುವಂತೆ ಮಾಡುವುದು. ಪಾತ್ರಕ್ಕೆ ಮೂವತ್ತರ ಆಸುಪಾಸು, ಎಣ್ಣೆಗೆಂಪು ಮೈಬಣ್ಣ, ಗುಂಗುರು ಕೂದಲು, ಮತ್ತು ಮೀಸೆ. ಮೀಸೆ ಬೇಡ, ಅನಿಮೆಗೆ ಹೊಂದುವುದಿಲ್ಲ ಎಂದು ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಮನೆಗಳ ಫೋಟೋಗಳಲ್ಲಿರುವ ಗಂಡಸರ ಮುಖ ಅದು. ಅದನ್ನು ಈ ಶೈಲಿಗೆ ತರಲು ಬಾರದಿದ್ದರೆ ಕೊರತೆ ಉಪಕರಣದ್ದು, ಮುಖದ್ದಲ್ಲ.

ವೀರಾಯ್ಡ್ ಜಪಾನಿನ ಪಿಕ್ಸಿವ್ ಕಂಪನಿಯದು. 2018ರಲ್ಲಿ ಬೀಟಾ ಬಂತು, 2021ರ ಅಕ್ಟೋಬರ್‌ನಲ್ಲಿ 1.0 ಆವೃತ್ತಿ ಬಂತು, ಈಗಲೂ ಉಚಿತ. ತೆರೆದ ಕೂಡಲೇ ಗಂಡು ಅಥವಾ ಹೆಣ್ಣು ಮಾದರಿಯನ್ನು ಆರಿಸಿಕೊಂಡು ಸ್ಲೈಡರ್‌ಗಳನ್ನು ಎಳೆಯುತ್ತಾ ಹೋಗಬಹುದು. ಕಣ್ಣಿನ ಎತ್ತರ ತಗ್ಗಿಸಿ, ಹುಬ್ಬನ್ನು ಕಣ್ಣಿನ ಹತ್ತಿರಕ್ಕೆ ಇಳಿಸಿ, ಕತ್ತನ್ನು ದಪ್ಪ ಮಾಡಿ, ಭುಜ ಅಗಲಿಸಿದರೆ ಒಂದು ಸಂಜೆಯಲ್ಲಿ ಹುಡುಗ ಯುವಕನಾಗುತ್ತಾನೆ. ಹುಬ್ಬು ಮತ್ತು ಕಣ್ಣಿನ ನಡುವಣ ಅಂತರ ಒಂದೇ ಅರ್ಧ ಕೆಲಸ ಮಾಡಿಬಿಡುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿಂದ ಮುಂದೆ ಸ್ಲೈಡರ್‌ಗಳು ಕೈಕೊಡುತ್ತವೆ. ಗದ್ದ ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಆದರೆ ಕಿವಿಯ ಕೆಳಗಿನ ದವಡೆಯ ಮೂಲೆ ನನಗೆ ಬೇಕಾದಷ್ಟು ಗಟ್ಟಿಯಾಗಿ ಎದ್ದು ನಿಲ್ಲಲೇ ಇಲ್ಲ. ಮೈಕಟ್ಟಿನ ಕಥೆಯೂ ಹಾಗೆಯೇ: ಸ್ನಾಯುಗಳನ್ನು ಚರ್ಮದ ಟೆಕ್ಸ್ಚರ್ (ಆಕಾರಕ್ಕೆ ಹೊದಿಸುವ ಚಿತ್ರ) ಮೇಲೆ ನೆರಳಾಗಿ ಬರೆದುಕೊಳ್ಳಬೇಕು.

ಮೈಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಚರ್ಮದ ಬಣ್ಣವನ್ನಷ್ಟೇ ಗಾಢ ಮಾಡಿ ಬಿಟ್ಟರೆ ಸಾಲದು, ನೆರಳಿನ ಬಣ್ಣವನ್ನೂ ಬದಲಿಸಬೇಕು. ಬಿಳಿ ಚರ್ಮಕ್ಕೆ ಹೊಂದುವ ಗುಲಾಬಿ ನೆರಳು ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಕೆಂಪು ಮಿಶ್ರಿತ ಗಾಢ ಕಂದು ಇಟ್ಟಾಗ ಮುಖಕ್ಕೆ ಜೀವ ಬಂತು.

ವೀರಾಯ್ಡ್‌ನ ನಿಜವಾದ ಬಲ ಕೂದಲಿನಲ್ಲಿದೆ. ತಲೆಯ ಸುತ್ತ ಒಂದು ಮಾರ್ಗದರ್ಶಿ ಮೆಶ್ (ಬಿಂದು, ಗೆರೆಗಳಿಂದ ಹೆಣೆದ ಮೇಲ್ಮೈ) ಇರುತ್ತದೆ. ಅದರ ಮೇಲೆ ಪೆನ್ನಿನಿಂದ ಗೆರೆ ಎಳೆದರೆ ಅದೇ ಒಂದು ಕೂದಲಿನ ಎಳೆಯಾಗಿ ಮೂಡುತ್ತದೆ. ದಪ್ಪ, ಅಡ್ಡಕೊಯ್ತದ ಆಕಾರ, ತುದಿಯ ಚೂಪು ಎಲ್ಲವನ್ನೂ ಆಮೇಲೆ ತಿದ್ದಬಹುದು. ಗುಂಗುರು ಕೂದಲಿಗೆ ಇದಕ್ಕಿಂತ ಸುಲಭದ ದಾರಿಯನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಆದರೆ ಗಂಡಿನ ಗಿಡ್ಡ ಕೂದಲು ಹಗುರ ಎಂದುಕೊಳ್ಳಬೇಡಿ. ಹತ್ತಾರು ಮೊನಚು ಎಳೆಗಳು ಸೇರಿ ಪಾಲಿಗಾನ್‌ಗಳ, ಅಂದರೆ ಮೆಶ್ ಕಟ್ಟುವ ಪುಟ್ಟ ತ್ರಿಕೋನಗಳ, ಸಂಖ್ಯೆಯನ್ನು ಮೇಲೇರಿಸುತ್ತವೆ. ಅವತಾರಗಳ ರೂಪದಲ್ಲಿ ಜನ ಭೇಟಿಯಾಗುವ ವಿಆರ್‌ಚಾಟ್‌ನಲ್ಲಿ ಕಂಪ್ಯೂಟರ್‌ಗೆ 70,000 ತ್ರಿಕೋನ ದಾಟಿದರೆ ಅವತಾರ ಕಾರ್ಯಕ್ಷಮತೆಯ ಕೊನೆಯ ದರ್ಜೆಗೆ ಇಳಿಯುತ್ತದೆ. ಮೊಬೈಲ್ ಮಾದರಿಯ ಸಾಧನಗಳಲ್ಲಿ ಆ ಮಿತಿ 20,000. ರಫ್ತು ಮಾಡುವಾಗ ಕೂದಲಿನ ಪಾಲಿಗಾನ್ ತಗ್ಗಿಸುವ ಸೌಲಭ್ಯವಿದೆ, ಬಟ್ಟೆಯಡಿ ಕಾಣದ ಮೈಯನ್ನು ಅಳಿಸುವ ಸೌಲಭ್ಯವೂ ಇದೆ. ಎರಡನ್ನೂ ಬಳಸಿ.

ಇನ್ನು ಮೀಸೆ. ವೀರಾಯ್ಡ್‌ನಲ್ಲಿ ಎರಡು ದಾರಿ ಹಿಡಿದೆ. ಮುಖದ ಟೆಕ್ಸ್ಚರ್ ಮೇಲೆ ಬರೆದ ಮೀಸೆ ಎದುರಿನಿಂದ ಸೊಗಸಾಗಿತ್ತು, ಪಕ್ಕದಿಂದ ಶಾಯಿಯ ಕಲೆಯಾಯಿತು. ಕೂದಲಿನ ಎಳೆಗಳಿಂದ ಕಟ್ಟಿದ ಮೀಸೆಗೆ ಉಬ್ಬು ಬಂತು, ಪಕ್ಕದ ನೋಟವೂ ಗೆದ್ದಿತು. ಆದರೆ ಆ ಎಳೆಗಳು ಅಂಟಿರುವುದು ಪಾತ್ರವನ್ನು ಅಲುಗಿಸುವ ಒಳಚೌಕಟ್ಟಿನ ತಲೆಯ ಮೂಳೆಗೆ, ತುಟಿಗಲ್ಲ. ಪಾತ್ರ ನಕ್ಕಾಗ ಮೇಲ್ದುಟಿ ಹಿಗ್ಗಿತು, ಮೀಸೆ ಕದಲದೆ ನಿಂತಿತು, ತುಟಿಯ ಅಂಚು ಅದನ್ನು ಸೀಳಿಕೊಂಡು ಹೊರಬಂತು.

ಬ್ಲೆಂಡರ್‌ನಲ್ಲಿ ಈ ತೊಂದರೆ ಹುಟ್ಟುವುದೇ ಇಲ್ಲ. ಅಲ್ಲಿ ಮೀಸೆಯನ್ನು ಮುಖದ ಮೆಶ್‌ನ ಭಾಗವಾಗಿಯೇ ಮಾಡಿ, ನಗು ಮತ್ತು ಮಾತಿನ ಆಕಾರಗಳಲ್ಲಿ ತುಟಿಯ ಜೊತೆಗೇ ಸರಿಸಬಹುದು. ದವಡೆಯ ಮೂಲೆ ಬೇಕೆಂದರೆ ಆ ಬಿಂದುಗಳನ್ನು ಹಿಡಿದು ಎಳೆದರಾಯಿತು. 2002ರಿಂದ ಮುಕ್ತ ತಂತ್ರಾಂಶವಾಗಿರುವ ಇದಕ್ಕೆ ಕಾಸು ಕೊಡಬೇಕಿಲ್ಲ. ತಾಳ್ಮೆ ಮಾತ್ರ ಕೇಳಿದಷ್ಟೂ ಕೊಡಬೇಕು. ಶೂನ್ಯದಿಂದ ಮುಖ ಕಟ್ಟುವುದೆಂದರೆ ಕಣ್ಣು, ಬಾಯಿಗಳ ಸುತ್ತ ಅಂಚುಗಳು ವರ್ತುಲವಾಗಿ ಹರಿಯುವಂತೆ ಜೋಡಿಸಬೇಕು, ಮೂಳೆ ಕೂರಿಸಬೇಕು, ಯಾವ ಮೂಳೆ ಎಷ್ಟು ಚರ್ಮವನ್ನು ಎಳೆಯುತ್ತದೆ ಎಂದು ಬಣ್ಣ ಬಳಿದು ತಿಳಿಸಬೇಕು. ಇಷ್ಟೆಲ್ಲ ಆದ ಮೇಲೂ ನೆರಳು ಕಾಡುತ್ತದೆ. ಅನಿಮೆ ನೆರಳಿಗೆ ಚಾಕುವಿನಿಂದ ಕತ್ತರಿಸಿದಂಥ ಅಂಚು ಬೇಕು. ಗಂಡು ಮುಖದ ಕೆನ್ನೆಮೂಳೆ, ಮೂಗಿನ ಏಣು ಎದ್ದುನಿಂತಷ್ಟೂ ಆ ಅಂಚು ಹರಕುಹರಕಾಗುತ್ತದೆ. ಸರಳವಾದ, ಗೋಲಕ್ಕೆ ಹತ್ತಿರದ ಇನ್ನೊಂದು ಆಕಾರದಿಂದ ನಾರ್ಮಲ್‌ಗಳನ್ನು (ಮೇಲ್ಮೈ ಯಾವ ಕಡೆ ತಿರುಗಿದೆ ಎಂದು ಬೆಳಕಿಗೆ ತಿಳಿಸುವ ದಿಕ್ಕುಗಳನ್ನು) ಮುಖಕ್ಕೆ ವರ್ಗಾಯಿಸಿದಾಗ ಕೆನ್ನೆಯ ನೆರಳು ಒಂದೇ ಗೆರೆಯಾಗಿ ನಿಂತಿತು. ಇದನ್ನು ಕಲಿಯುವವರೆಗೆ ಬ್ಲೆಂಡರ್‌ನ ಅನಿಮೆ ಮುಖ ಕೊಳಕಾಗಿಯೇ ಕಾಣುತ್ತದೆ.

ಲೈವ್‌ಟುಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇರೆಯೇ ಜಾತಿ: ಪದರಪದರವಾಗಿ ಬಿಡಿಸಿದ ಚಿತ್ರವನ್ನು ಬಾಗಿಸಿ, ಹಿಗ್ಗಿಸಿ ಚಲಿಸುವಂತೆ ಮಾಡುತ್ತದೆ. ಹುಬ್ಬಿನ ಗಂಟು, ಕಣ್ಣಂಚಿನ ಗೆರೆ, ಮೀಸೆಯ ತಿರುವು ಎಲ್ಲವೂ ಕೈಯಲ್ಲಿ ಬಿಡಿಸಿದ ಗೆರೆಯಾಗಿಯೇ ಉಳಿಯುವುದರಿಂದ ಮುಖಭಾವದಲ್ಲಿ ಉಳಿದೆರಡೂ ಇದಕ್ಕೆ ಸಾಟಿಯಲ್ಲ. ಆದರೆ ತಲೆ ಸಾಮಾನ್ಯವಾಗಿ ಎಡಬಲಕ್ಕೆ ಸ್ವಲ್ಪವಷ್ಟೇ ತಿರುಗುತ್ತದೆ, ಪೂರ್ತಿ ಪಕ್ಕದ ನೋಟವಿಲ್ಲ. ಕ್ಯಾಮೆರಾ ಎದುರು ಕೂತು ಮಾತನಾಡುವವರಿಗೆ, ಮತ್ತು ಚಿತ್ರ ಬಿಡಿಸಬಲ್ಲವರಿಗೆ, ಇದನ್ನೇ ಹೇಳುತ್ತೇನೆ.

ನಡೆದಾಡುವ ಅವತಾರ ಬೇಕೆನ್ನುವವರಿಗೆ ನನ್ನ ಆಯ್ಕೆ ಮೊದಲೆರಡನ್ನೂ ಕೂಡಿಸುವುದು. ವೀರಾಯ್ಡ್‌ನಲ್ಲಿ ಮೈ, ಕೂದಲು, ಬಟ್ಟೆ ಮುಗಿಸಿ ವಿಆರ್‌ಎಂ ಎಂಬ ಅವತಾರದ ಕಡತವಾಗಿ ಹೊರತೆಗೆಯಿರಿ. ಬ್ಲೆಂಡರ್‌ನ ವಿಆರ್‌ಎಂ ಆಡ್‌ಆನ್ ಮೂಲಕ ತೆರೆದು ದವಡೆ, ಕತ್ತು, ಮೀಸೆಗಳನ್ನು ತಿದ್ದಿರಿ. ಇದು ಏಕಮುಖ ದಾರಿ. ತಿದ್ದಿದ ವಿಆರ್‌ಎಂ ಕಡತವನ್ನು ವೀರಾಯ್ಡ್‌ಗೆ ವಾಪಸು ತಂದು ಸ್ಲೈಡರ್ ಎಳೆಯಲಾಗದು; ಹಾಗಾಗಿ ಕೂದಲಿನ ಬಗ್ಗೆ ಅನುಮಾನ ಉಳಿದಿದ್ದರೆ ಇನ್ನೂ ಹೊರತೆಗೆಯಬೇಡಿ. ದವಡೆ ಬದಲಾದ ಮೇಲೆ ವಿಆರ್‌ಎಂನ ಐದು ಬಾಯಿ ಆಕಾರಗಳನ್ನು, ಅಂದರೆ ಆ, ಈ, ಊ, ಏ, ಓ, ಒಂದೊಂದಾಗಿ ಹಾಕಿ ಪಕ್ಕದಿಂದ ನೋಡಿ. ಜಪಾನಿ ಸ್ವರಗಳಿಗಾಗಿ ಮಾಡಿದ ಈ ಐದು ಕನ್ನಡ ಮಾತಿಗೂ ಬಹುಮಟ್ಟಿಗೆ ಸಾಲುತ್ತವೆ. ತುಟಿ ಕೂಡುವ ಪ, ಬ, ಮ ಅಕ್ಷರಗಳಿಗೆ ಮಾತ್ರ ಪ್ರತ್ಯೇಕ ಆಕಾರವಿಲ್ಲ. ವಿಆರ್‌ಚಾಟ್ ಬಳಸುವ 15 ಆಕಾರಗಳಲ್ಲಿ ಅದಿದೆ, ಬ್ಲೆಂಡರ್ ಹೇಗೂ ತೆರೆದೇ ಇರುತ್ತದೆ. ಅಲ್ಲೇ ಒಂದು ಮುಚ್ಚಿದ ತುಟಿಯ ಆಕಾರವನ್ನೂ ಸೇರಿಸಿಬಿಡಿ.