ಮೂರು ಕಾರ್ಬುರೇಟರ್: ಒಟ್ಟಿಗೆ ಎಳೆಯೋದಾ, ಒಂದೊಂದಾಗಿ ಬಿಚ್ಚೋದಾ?

ದೋಣಿಯ ಹಿಂದೆ ಸಿಕ್ಕಿಸುವ ಹಳೇ ಔಟ್‌ಬೋರ್ಡ್ ಮೋಟರಿನಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರ್‌ಗಳು ಕೊಳೆ ಕಟ್ಟಿಕೊಂಡರೆ ಮೂರು ದಾರಿ ಇವೆ. ಬಿಚ್ಚದೇ ಸ್ಪ್ರೇ ಹೊಡೆಯೋದು. ಮೂರು ಕಾರ್ಬುರೇಟರನ್ನೂ ಅವನ್ನು ಜೋಡಿಸುವ ಲಿಂಕ್ ಕಡ್ಡಿಗಳ ಸಮೇತ ಒಟ್ಟಿಗೆ ಎಳೆಯೋದು. ಇಲ್ಲಾ, ಒಂದೊಂದಾಗಿ ಬಿಚ್ಚೋದು. ಒಂದೇ ಮೋಟರಿನ ಮೇಲೆ ನಾನು ಮೂರು ದಾರಿಯನ್ನೂ ಮಾಡಿ ನೋಡಿದ್ದೇನೆ.

ಮೋಟರು ನಮ್ಮ ಮಾವನದ್ದು. 1970ರ ದಶಕದ ಜಾನ್ಸನ್, 70 ಎಚ್‌ಪಿ, ಮೂರು ಸಿಲಿಂಡರಿನ ಟೂ-ಸ್ಟ್ರೋಕ್, ಸಿಲಿಂಡರಿಗೊಂದು ಕಾರ್ಬುರೇಟರ್. 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಕೊಡಗಿನ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಮನೆಗಳಿಗೇ ನುಗ್ಗಿತಲ್ವಾ, ಆಮೇಲೆ ಅವರು ಮಂಗಳೂರು ಕಡೆಯಿಂದ ಒಂದು ಫೈಬರ್ ದೋಣಿಯನ್ನೂ ಇದನ್ನೂ ತಂದಿಟ್ಟುಕೊಂಡರು. ನಮ್ಮ ಹೊಳೆಗೆ 70 ಎಚ್‌ಪಿ ಯಾಕೆ ಅಂತ ಕೇಳಬೇಡಿ, ಸಿಕ್ಕಿದ್ದು ಅದು. ವರ್ಷದ ಹೆಚ್ಚು ಕಾಲ ಕಾಫಿ ಮೂಟೆಗಳ ಪಕ್ಕ ಸುಮ್ನೆ ನಿಂತಿರುತ್ತದೆ. ಆದರೆ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನೀರು ಏರಿದರೆ ಸ್ಟಾರ್ಟ್ ಆಗಲೇಬೇಕು.

ನಿಂತೇ ಇರುವುದರಿಂದಲೇ ತೊಂದರೆ. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲಿನಲ್ಲಿ ಉಳಿದ ಪೆಟ್ರೋಲ್ ಆರಿ ಹಳದಿ ಅಂಟಾಗುತ್ತದೆ. ಈಗ ಬಂಕಿನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರಿನ ಪಸೆ ಹೀರುತ್ತದೆ, ಹಳೇ ರಬ್ಬರ್ ಪೈಪನ್ನೂ ತಿನ್ನುತ್ತದೆ. ಕೊಡಗಿನ ಮಳೆಗಾಲದ ಗಾಳಿಯಲ್ಲಿ ಪಸೆಗೇನು ಕಮ್ಮಿ?

ಟೂ-ಸ್ಟ್ರೋಕಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇದರಲ್ಲಿ ಆಯಿಲ್ ಬರೋದೇ ಪೆಟ್ರೋಲಿನ ಜೊತೆ, 50ಕ್ಕೆ 1ರಂತೆ ಬೆರೆತು. ಒಂದು ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು, ಅರ್ಧ ಕಟ್ಟಿದರೆ ಆ ಸಿಲಿಂಡರಿಗೆ ಪೆಟ್ರೋಲೂ ಕಮ್ಮಿ, ಆಯಿಲೂ ಕಮ್ಮಿ. ಉಳಿದೆರಡರ ಬಲದಲ್ಲಿ ಮೋಟರು ಓಡುತ್ತಲೇ ಇರುತ್ತದೆ, ಒಳಗೆ ಪಿಸ್ಟನ್ ಗೀರು ಬೀಳುತ್ತಾ ಹೋಗುತ್ತದೆ.

ಸ್ಪ್ರೇ ವಿಷಯ ಬೇಗ ಮುಗಿಸುತ್ತೇನೆ. ಏರ್ ಬಾಕ್ಸ್ ಮುಚ್ಚಳ ತೆಗೆದು ಕಾರ್ಬುರೇಟರಿನ ಬಾಯಿಗೆ ಹೊಡೆದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಬಟರ್‌ಫ್ಲೈ, ಫಳಫಳ ಹೊಳೆಯುತ್ತದೆ. ನಿಂತಲ್ಲೇ ನಿಧಾನಕ್ಕೆ ಓಡುವಾಗ (ಐಡಲ್) ಪೆಟ್ರೋಲ್ ಹೋಗುವ ಸೂಜಿಗಣ್ಣಿನಂಥ ದಾರಿಗಳಿಗೆ, ಬೌಲಿನ ತಳದ ಅಂಟಿಗೆ ಅದು ಮುಟ್ಟುವುದೇ ಇಲ್ಲ. ಒಂದೆರಡು ತಿಂಗಳು ನಿಂತ ಮೋಟರಿಗೆ ಪರವಾಗಿಲ್ಲ. ಮಾವನ ಮೋಟರಿಗೆ ಉಪಯೋಗವಿಲ್ಲ.

ಒಟ್ಟಿಗೆ ಎಳೆಯೋದು ಕೇಳೋಕೆ ಚೆನ್ನಾಗಿದೆ. ಮೂರು ಬಟರ್‌ಫ್ಲೈಗಳನ್ನು ಜೋಡಿಸುವ ಲಿಂಕ್ ಮುಟ್ಟೋದೇ ಬೇಡ, ಹಾಗಾಗಿ ಮೂರೂ ಒಟ್ಟಿಗೆ ತೆರೆಯುವ ಹೊಂದಾಣಿಕೆ ಕೆಡಲ್ಲ. ಪೈಪ್ ಕಳಚಿ, ನಟ್ಟುಗಳನ್ನೆಲ್ಲ ತೆಗೆದು, ಮೂರನ್ನೂ ಅವು ಕೂತಿರುವ ಮರೆಯ ಕಡ್ಡಿಗಳ (ಸ್ಟಡ್) ಮೇಲಿಂದ ಮುಂದಕ್ಕೆ ಜಾರಿಸಿದರೆ ಆಯ್ತು. ಆದರೆ ನೇರವಾಗಿ ಜಾರಬೇಕು. ಕರಾವಳಿಯ ಉಪ್ಪು ತಿಂದ ಸ್ಟಡ್ ಇದು. ಕೆಳಗಿನದು ಹಿಡಿದುಕೊಂಡರೆ ಮೇಲಿನೆರಡೂ ಅಲ್ಲೇ ನೇತಾಡುತ್ತವೆ. ಆಗ ಭಾರವೆಲ್ಲ ಸಣ್ಣ ಲಿಂಕ್ ಕಡ್ಡಿಗಳ ಮೇಲೆ. ಹಿಂದಿನ ಪೈಪ್ ಕಣ್ಣಿಗೆ ಕಾಣಲ್ಲ, ಬೆರಳಲ್ಲಿ ಹುಡುಕಬೇಕು. ಹಳೇ ಪೈಪ್ ಆ ಎಳೆತಕ್ಕೆ ಸೀಳಿಬಿಡುತ್ತದೆ. ಹಿಡಿದುಕೊಳ್ಳೋಕೆ ಇನ್ನೊಬ್ಬರು ಬೇಕೇ ಬೇಕು. "ಅಣ್ಣಾ, ಎಳೀಲಾ?" ಅಂತ ತೋಟದ ಹುಡುಗ ಕೇಳಿದಾಗೆಲ್ಲ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಇಷ್ಟೆಲ್ಲ ಮಾಡಿ ಮೇಜಿನ ಮೇಲೆ ಇಟ್ಟಾಗ ಅಸಲಿ ವಿಷಯ ಗೊತ್ತಾಗುತ್ತದೆ. ಒಂದರ ಮೇಲೊಂದು ಕೂತ ಗೊಂಚಲಿನಲ್ಲಿ ಬೌಲಿನ ಸ್ಕ್ರೂಗೆ ಕೈ ಸರಿಯಾಗಿ ಹೋಗಲ್ಲ. ಕ್ಲೀನರಿನಲ್ಲಿ ಮುಳುಗಿಸಬೇಕು ಅಂದರೂ ಬೇರೆ ಬೇರೆ ಮಾಡಲೇಬೇಕು. ಲಿಂಕ್ ಬಿಚ್ಚಲೇಬೇಕಾದ ಮೇಲೆ ಅದನ್ನು ಉಳಿಸಿಕೊಂಡು ಬಂದ ಕಷ್ಟಕ್ಕೆ ಏನರ್ಥ?

ಅದಕ್ಕೇ ನನ್ನ ಓಟು ಒಂದೊಂದಾಗಿ ಬಿಚ್ಚೋದಕ್ಕೆ. ಟ್ಯಾಂಕಿನ ಪೈಪ್ ತೆಗೆದು, ಬ್ಯಾಟರಿ ಕಳಚಿ, ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ಹೊಡೆದುಕೊಳ್ಳಿ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಪೆಟ್ರೋಲ್ ಇರುವ ಜಾಗ, ನಟ್ಟು ಬಿಡಿಸೋಕೆ ಬೆಂಕಿಯಿಂದ ಕಾಯಿಸುವ ಮಾತೇ ಬೇಡ. ಅಮೆರಿಕದ ಮೋಟರಾದ್ದರಿಂದ ಇಂಚಿನ ಸ್ಪ್ಯಾನರ್ ಬೇಕು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂರುತ್ತದೆ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆಸಿಬಿಡುತ್ತದೆ.

ಮೇಲಿನದರಿಂದ ಶುರು ಮಾಡಿ. ಒಂದು ಬಿಚ್ಚುವಾಗ ಉಳಿದೆರಡು ಮೋಟರಿನ ಮೇಲೇ ಇರುತ್ತವೆ. ಯಾವ ಪೈಪ್ ಎಲ್ಲಿ, ಯಾವ ಸ್ಪ್ರಿಂಗ್ ಹೇಗೆ ಅಂತ ಅನುಮಾನ ಬಂದರೆ ಪಕ್ಕದ್ದನ್ನು ನೋಡಿದರೆ ಸಾಕು. ಸ್ಟಡ್ ಹಿಡಿದುಕೊಂಡರೂ ಜಗಳ ಒಂದೇ ಕಾರ್ಬುರೇಟರಿನ ಜೊತೆ. ಒಬ್ಬರೇ ಮಾಡಬಹುದು. ಕರೆಂಟ್ ಹೋಯ್ತಾ, ಅಲ್ಲಿಗೇ ಬಿಟ್ಟು ನಾಳೆ ಮಾಡಬಹುದು. ಮೂರು ಡಬ್ಬಿ ಇಟ್ಟುಕೊಂಡು ಮೇಲು, ನಡು, ಕೆಳಗೆ ಅಂತ ಬರೆಯಿರಿ. ಒಂದರ ಜೆಟ್ ಇನ್ನೊಂದಕ್ಕೆ ಹೋಗಬಾರದು.

ನಮ್ಮದರಲ್ಲಿ ಕೆಳಗಿನ ಬೌಲೇ ಜಾಸ್ತಿ ಕೊಳಕಾಗಿತ್ತು. ತಳದಲ್ಲಿ ಬಿಳಿ ಪುಡಿ, ಅದರ ಮೇಲೆ ಜೇನಿನ ಬಣ್ಣದ ಪೊರೆ, ಫ್ಲೋಟಿನ ಅಂಚು ಅದಕ್ಕೆ ಅಂಟಿಕೊಂಡಿತ್ತು. ಮೇನ್ ಜೆಟ್ ಇರೋದು ಬೌಲಿನ ಡ್ರೇನ್ ಸ್ಕ್ರೂ ಹಿಂದೆ, ಆಳದಲ್ಲಿ. ಮೆತ್ತನೆ ಹಿತ್ತಾಳೆ. ಅಗಲ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿದರೆ ಅದರ ತಲೆಯ ಸೀಳು ಕಿತ್ತುಹೋಗುತ್ತದೆ. ಆ ಸೀಳಿನ ತುಂಬ ಕೂರುವಂತೆ ಒಂದು ಹಳೇ ಸ್ಕ್ರೂಡ್ರೈವರನ್ನು ಉಜ್ಜಿ ಇದಕ್ಕೆಂದೇ ಇಟ್ಟಿದ್ದೇನೆ. ಜೆಟ್ಟಿನ ತೂತಿಗೆ ತಂತಿ ತುರುಕಬೇಡಿ, ಅಳತೆ ಹೋಗುತ್ತದೆ. ಕ್ಲೀನರ್ ಮತ್ತು ಕಂಪ್ರೆಸರ್ ಗಾಳಿ ಸಾಕು. ರಬ್ಬರನ್ನೂ ಫ್ಲೋಟನ್ನೂ ಮುಳುಗಿಸುವ ಮುಂಚೆ ತೆಗೆದಿಡಿ. ಪ್ಯಾಕಿಂಗ್ ಹೊಸದೇ ಹಾಕಿ.

ಈ ದಾರಿಯ ಒಂದೇ ತಲೆನೋವು ಲಿಂಕ್ ಮತ್ತೆ ಹೊಂದಿಸೋದು. ಅದಕ್ಕೆ ಹೆದರಿ ಜನ ಒಟ್ಟಿಗೆ ಎಳೆಯೋಕೆ ಹೋಗುತ್ತಾರೆ. ನಿಜಕ್ಕೂ ದೊಡ್ಡ ಕೆಲಸವಲ್ಲ. ಮೂರನ್ನೂ ಕೂರಿಸಿದ ಮೇಲೆ ಲಿಂಕಿನ ಸ್ಕ್ರೂಗಳನ್ನು ಸಡಿಲ ಬಿಡಿ. ಸ್ಪ್ರಿಂಗಿನ ಬಲಕ್ಕೆ ಬಟರ್‌ಫ್ಲೈಗಳು ತಾವಾಗಿಯೇ ಪೂರ್ತಿ ಮುಚ್ಚಿಕೊಳ್ಳುತ್ತವೆ. ಹಾಗೇ ಇರುವಾಗ ಸ್ಕ್ರೂ ಬಿಗಿ ಮಾಡಿ. ಆಮೇಲೆ ನಿಧಾನಕ್ಕೆ ಥ್ರಾಟಲ್ ತಿರುಗಿಸಿ, ಟಾರ್ಚ್ ಹಿಡಿದು ನೋಡಿ. ಮೂರೂ ಒಂದೇ ಕ್ಷಣಕ್ಕೆ ಅಲುಗಬೇಕು. ಥ್ರಾಟಲ್ ತಿರುಗಿಸಿದಾಗ ಲಿಂಕನ್ನು ತಳ್ಳುವ ಬಾಗಿದ ತುಂಡಿನ (ಕ್ಯಾಮ್) ಗುರುತಿಗೆ ರೋಲರ್ ಮುಟ್ಟಿದ ಮೇಲೆಯೇ ಅಲುಗಲು ಶುರುವಾಗಬೇಕು. ಇಷ್ಟು ಹಳೇ ಮೋಟರಿನಲ್ಲಿ ಇದನ್ನು ಹೇಗಿದ್ದರೂ ನೋಡಲೇಬೇಕು. ಹಿಂದೆ ಯಾರ್ಯಾರು ಕೈಯಾಡಿಸಿದ್ದಾರೋ ಯಾರಿಗೆ ಗೊತ್ತು?

ಟ್ರಯಲ್ ನೋಡುವಾಗ ಕೆಳಭಾಗ ಡ್ರಮ್ಮಿನ ನೀರಿನಲ್ಲಿ ಮುಳುಗಿರಲಿ. ನೀರಿಲ್ಲದೆ ಓಡಿಸಿದರೆ ಮೋಟರು ತಂಪಾಗಿಡಲು ನೀರೆಳೆಯುವ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ.

ಒಟ್ಟಿಗೆ ಎಳೆಯೋದು ಯಾವತ್ತೂ ಬೇಡ ಅಂತಲ್ಲ. ಕಾರ್ಬುರೇಟರ್ ಚೆನ್ನಾಗಿದ್ದು, ಅದರ ಹಿಂದೆ ಗಾಳಿ-ಪೆಟ್ರೋಲನ್ನು ಒಳಕ್ಕೆ ಮಾತ್ರ ಬಿಡುವ ತೆಳು ಪಟ್ಟಿ, ರೀಡ್ ವಾಲ್ವ್, ಮಾತ್ರ ನೋಡಬೇಕಾದಾಗ ಅದೇ ವಾಸಿ. ಸ್ಟಡ್‌ಗಳು ಈಗ ಕ್ಲೀನಾಗಿವೆ, ಪೈಪೂ ಹೊಸದು. ಕೈಲ್ ಪೊಳ್ದ್ ಹಬ್ಬ ಮುಗಿದು ಮಳೆ ಇಳಿದ ಮೇಲೆ ರೀಡ್ ನೋಡುವ ಕೆಲಸ ಇದೆ, ಆಗ ಮೂರನ್ನೂ ಒಟ್ಟಿಗೇ ತೆಗೆಯುತ್ತೇನೆ.